ಟ್ರ್ಯಾಕ್ ಸಾ ಮೊದಲೋ, ಟೇಬಲ್ ಸಾ ಮೊದಲೋ? ಮನೆಯಲ್ಲೇ ಮರಗೆಲಸ ಮಾಡುವವರಿಗೆ

ಪ್ಲೈವುಡ್ ಅಂಗಡಿಯ ಹುಡುಗರು ಗೂಡ್ಸ್ ಆಟೋದಿಂದ ಹಲಗೆ ಇಳಿಸಿ, ಕಾಂಪೌಂಡ್ ಗೋಡೆಗೆ ಒರಗಿಸಿ ಹೋಗುತ್ತಾರೆ. 8 ಅಡಿ ಉದ್ದ, 4 ಅಡಿ ಅಗಲ, 18 ಮಿ.ಮೀ ದಪ್ಪ. ತೂಕ ಸುಮಾರು 30 ಕಿಲೋ. ಅದೇ ಅಳತೆಯ ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ) ಆದರೆ 40 ಕಿಲೋ ಹತ್ತಿರ. ಆಟೋ ಹೋದ ಮೇಲೆ ಆ ಹಲಗೆಯ ಮುಂದೆ ಒಬ್ಬರೇ ನಿಂತಾಗ ಗೊತ್ತಾಗುತ್ತದೆ, ಪುಸ್ತಕದ ಕಪಾಟು ಮಾಡುವ ಕೆಲಸದಲ್ಲಿ ಅರ್ಧ ಕಷ್ಟ ಇರುವುದು ಇದನ್ನು ನೇರವಾಗಿ ಕೊಯ್ಯುವುದರಲ್ಲೇ ಅಂತ.

ನಾನು ಮೊದಲು ಕೊಂಡದ್ದು ಟೇಬಲ್ ಸಾ. ಅದರಲ್ಲಿ ನಾಲ್ಕು ವರ್ಷ ಕೆಲಸ ಮಾಡಿದ ಮೇಲೆ ಟ್ರ್ಯಾಕ್ ಸಾ ತಂದೆ. ಈಗ ಎರಡೂ ಇವೆ, ಎರಡಕ್ಕೂ ಕೆಲಸ ಇದೆ. ಆದರೆ ಯಾರಾದರೂ "ಒಂದಕ್ಕೆ ಮಾತ್ರ ದುಡ್ಡಿದೆ, ಯಾವುದು ತಗೊಳ್ಳಲಿ" ಅಂತ ಕೇಳಿದರೆ ನಾನು ಮೊದಲು ಮಷಿನ್ ಬಗ್ಗೆ ಮಾತಾಡುವುದಿಲ್ಲ. ಎಲ್ಲಿ ಕೊಯ್ಯುತ್ತೀರಿ, ಏನನ್ನು ಕೊಯ್ಯುತ್ತೀರಿ ಅಂತ ಕೇಳುತ್ತೇನೆ. ಈ ಎರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ.

ಮರ ಗರಗಸದ ಹತ್ತಿರ ಹೋಗಬೇಕಾ, ಗರಗಸ ಮರದ ಹತ್ತಿರ ಬರಬೇಕಾ?

ಟೇಬಲ್ ಸಾನಲ್ಲಿ ಬ್ಲೇಡ್ ನಿಂತಲ್ಲೇ ತಿರುಗುತ್ತದೆ. ಮೇಜಿನ ಸೀಳಿನಿಂದ ಬ್ಲೇಡ್ ಮೇಲೆ ಚಾಚಿರುತ್ತದೆ. ನಾವು ಮರವನ್ನು ಫೆನ್ಸ್‌ಗೆ, ಅಂದರೆ ಮೇಜಿನ ಮೇಲೆ ಬಿಗಿಯುವ ನೇರ ಆಸರೆ ಪಟ್ಟಿಗೆ, ಒತ್ತಿ ಹಿಡಿದು ಅದರೊಳಗೆ ತಳ್ಳುತ್ತೇವೆ. ಟ್ರ್ಯಾಕ್ ಸಾನಲ್ಲಿ ಮರ ಮಲಗಿರುತ್ತದೆ. ಅದರ ಮೇಲೆ ಅಲ್ಯೂಮಿನಿಯಂ ಹಳಿ ಇಟ್ಟು, ಗರಗಸವನ್ನು ಆ ಹಳಿಯ ಮೇಲೆ ರೈಲಿನ ಹಾಗೆ ಓಡಿಸುತ್ತೇವೆ. ಬೇಡದಾಗ ಬ್ಲೇಡ್ ಕವಚದೊಳಗೆ ಅಡಗಿರುತ್ತದೆ, ಒತ್ತಿದಾಗ ಮಾತ್ರ ಕೆಳಗೆ ಇಳಿಯುತ್ತದೆ.

ಕೇಳೋಕೆ ಸಣ್ಣ ವ್ಯತ್ಯಾಸ ಅಲ್ವಾ? ಲೆಕ್ಕ ಹಾಕಿ ನೋಡಿ. 8 ಅಡಿ ಹಲಗೆಯನ್ನು ಉದ್ದುದ್ದ ಸೀಳಬೇಕು. ಟೇಬಲ್ ಸಾ ಮುಂದೆ 8 ಅಡಿ ಜಾಗ ಬೇಕು, ಹಿಂದೆ 8 ಅಡಿ ಬೇಕು, ನಡುವೆ ಮಷಿನ್, ಜೊತೆಗೆ ನೀವು ನಿಲ್ಲಬೇಕು. ಹತ್ತಿರ ಹತ್ತಿರ 20 ಅಡಿ. 30-40 ಸೈಟಿನ ಮನೆಯಲ್ಲಿ ಕಾರು ಆಚೆ ನಿಲ್ಲಿಸಿದರೂ ಅಷ್ಟು ಉದ್ದ ಸಿಗುವುದು ಕಷ್ಟ. ಸಿಕ್ಕರೂ, ಕೊಯ್ದ ಹಲಗೆ ಆಚೆ ಬದಿಯಲ್ಲಿ ಬೀಳದ ಹಾಗೆ ಹಿಡಿಯಲು ಇನ್ನೊಬ್ಬರು ಬೇಕು, ಇಲ್ಲವೇ ಅದೇ ಎತ್ತರದ ಇನ್ನೊಂದು ಮೇಜು ಬೇಕು. ಹಲಗೆ ನಡುವೆ ಒಂಚೂರು ವಾಲಿದರೂ ಕೊಯ್ತ ಸೊಟ್ಟಗಾಗುತ್ತದೆ, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ. ಅದನ್ನು ಆಮೇಲೆ ಹೇಳುತ್ತೇನೆ.

ಟ್ರ್ಯಾಕ್ ಸಾಗೆ ಹಲಗೆ ಮಲಗುವಷ್ಟು ಜಾಗ ಸಾಕು. ನಾನು ನೆಲದ ಮೇಲೆ 2 ಇಂಚಿನ ಥರ್ಮೋಕೋಲ್ ಹಾಳೆಗಳನ್ನು ಹಾಸಿ, ಅದರ ಮೇಲೆ ಪ್ಲೈವುಡ್ ಮಲಗಿಸುತ್ತೇನೆ. ಬ್ಲೇಡ್ ಥರ್ಮೋಕೋಲ್ ಅನ್ನು ಸ್ವಲ್ಪ ಕೊಯ್ಯುತ್ತದೆ, ಕೊಯ್ಯಲಿ. ಹಲಗೆಯ ಎರಡೂ ಭಾಗಕ್ಕೆ ಕೆಳಗಿನಿಂದ ಆಸರೆ ಇರುವುದರಿಂದ ಕೊನೆಯಲ್ಲಿ ತುಂಡು ಮುರಿದು ಬೀಳುವುದಿಲ್ಲ, ಬ್ಲೇಡ್ ಹಿಡಿದುಕೊಳ್ಳುವುದೂ ಇಲ್ಲ. ಕೆಲಸ ಮುಗಿದ ಮೇಲೆ ಹಾಳೆಗಳು ಮಂಚದಡಿಗೆ, ಹಳಿ ಗೋಡೆಯ ಮೊಳೆಗೆ, ಗರಗಸ ಅದರ ಪೆಟ್ಟಿಗೆಗೆ. ಸಂಜೆ ಅಲ್ಲೇ ಮತ್ತೆ ಸ್ಕೂಟರ್ ನಿಲ್ಲುತ್ತದೆ.

ಹಾಗಾಗಿ ಫ್ಲ್ಯಾಟ್‌ನಲ್ಲಿ, ಬಾಡಿಗೆ ಮನೆಯಲ್ಲಿ, ಟೆರೇಸಿನಲ್ಲಿ ಕೆಲಸ ಮಾಡುವವರಿಗೆ, ಹೆಚ್ಚಾಗಿ ಪ್ಲೈವುಡ್ ಕೊಯ್ಯುವವರಿಗೆ ಟ್ರ್ಯಾಕ್ ಸಾ ಮೊದಲು. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ಹಳಿಯ ಅಂಚಿನ ರಬ್ಬರ್ ಪಟ್ಟಿ

ಟ್ರ್ಯಾಕ್ ಸಾ ಬಗ್ಗೆ ಒಲವು ಹುಟ್ಟಿಸಿದ್ದು ನನಗೆ ಒಂದು ಸಣ್ಣ ವಸ್ತು. ಹಳಿಯ ಒಂದು ಅಂಚಿನ ಉದ್ದಕ್ಕೂ ತೆಳ್ಳನೆ ಪಟ್ಟಿ ಅಂಟಿಸಿರುತ್ತಾರೆ. ಹೊಸ ಹಳಿಯಲ್ಲಿ ಅದು ಬೇಕಾದ್ದಕ್ಕಿಂತ ಒಂದಿಷ್ಟು ಹೊರಚಾಚಿರುತ್ತದೆ. ನಿಮ್ಮ ಗರಗಸವನ್ನು ಮೊದಲ ಸಲ ಓಡಿಸಿದಾಗ ಬ್ಲೇಡ್ ಆ ಪಟ್ಟಿಯನ್ನೇ ಕತ್ತರಿಸುತ್ತದೆ. ಅಲ್ಲಿಂದ ಮುಂದೆ ಆ ಪಟ್ಟಿಯ ಅಂಚು ಎಲ್ಲಿದೆಯೋ ಅಲ್ಲೇ ನಿಮ್ಮ ಕೊಯ್ತ. ಪೆನ್ಸಿಲ್ ಗೆರೆಯ ಮೇಲೆ ಪಟ್ಟಿಯ ಅಂಚು ಕೂರಿಸಿದರೆ ಆಯಿತು. ಗರಗಸದ ತಳದ ಅಗಲ ಎಷ್ಟು, ಅದನ್ನು ಎಷ್ಟು ಕಳೆಯಬೇಕು ಅನ್ನೋ ಲೆಕ್ಕವೇ ಇಲ್ಲ.

ಆ ಪಟ್ಟಿ ಇನ್ನೊಂದು ಕೆಲಸ ಮಾಡುತ್ತದೆ. ಕೈಯಲ್ಲಿ ಹಿಡಿಯುವ ಗರಗಸಗಳಲ್ಲಿ ಬ್ಲೇಡಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕೊಯ್ಯುತ್ತಾ ಬರುತ್ತದೆ. ಅದಕ್ಕೇ ಸಿಬಿರು ಏಳುವುದು ಮೇಲ್ಮೈಯಲ್ಲಿ. ಪಟ್ಟಿ ಗೆರೆಯ ಪಕ್ಕದಲ್ಲೇ ಪ್ಲೈಯ ಮೇಲ್ಪದರವನ್ನು ಒತ್ತಿ ಹಿಡಿದಿರುತ್ತದೆ, ನಾರು ಎದ್ದು ಬರಲು ಜಾಗವೇ ಇರುವುದಿಲ್ಲ. ತೇಗದ ವೆನೀರ್ (ತೆಳು ಮರದ ಪದರ) ಇರುವ ಹಲಗೆಯನ್ನು ಎಳೆಗೆ ಅಡ್ಡವಾಗಿ ಕೊಯ್ದು, ಹಳಿ ಎತ್ತಿ, ಅಂಚಿನ ಮೇಲೆ ಬೆರಳಾಡಿಸಿ ನೋಡಿ. ಹಳಿಯ ಕೆಳಗಿದ್ದ ಭಾಗ ನುಣ್ಣಗಿರುತ್ತದೆ. ಬ್ಲೇಡಿನ ಆಚೆ ಬದಿಯಲ್ಲಿ ಬಿದ್ದ ತುಂಡಿನಲ್ಲಿ ಮಾತ್ರ ಸಣ್ಣ ಸಣ್ಣ ಸಿಬಿರು ಕಾಣಬಹುದು. ಆದ್ದರಿಂದ ಬೇಕಾದ ತುಂಡು ಯಾವಾಗಲೂ ಹಳಿಯ ಕೆಳಗೇ ಇರಬೇಕು.

ಟೇಬಲ್ ಸಾನಲ್ಲಿ ಇದು ತಿರುವುಮುರುವು. ಅಲ್ಲಿ ಹಲ್ಲು ಮೇಲಿನಿಂದ ಕೆಳಕ್ಕೆ ಕೊಯ್ಯುತ್ತದೆ, ಸಿಬಿರು ಅಡಿಯಲ್ಲಿ. ಸನ್‌ಮೈಕಾ ಅಂಟಿಸಿದ ಮುಖ ಮೇಲಿರಲಿ. ಬರೀ ಸರ್ಕ್ಯುಲರ್ ಸಾ (ಹಳಿಯಿಲ್ಲದೆ ಕೈಯಲ್ಲಿ ಹಿಡಿದು ಓಡಿಸುವ ದುಂಡು ಬ್ಲೇಡಿನ ಗರಗಸ) ಬಳಸುವವರಾದರೆ ಚೆಂದದ ಮುಖ ಕೆಳಗೆ. ಈ ಒಂದು ವಿಷಯ ಗೊತ್ತಿಲ್ಲದೆ ಹಾಳಾದ ಲ್ಯಾಮಿನೇಟ್ ಹಲಗೆಗಳನ್ನು ನಾನು ಬಹಳ ಕಡೆ ನೋಡಿದ್ದೇನೆ.

ಕೊಯ್ತದ ಆಳವನ್ನು ಹಲಗೆಯ ದಪ್ಪಕ್ಕಿಂತ 3-4 ಮಿ.ಮೀ ಮಾತ್ರ ಜಾಸ್ತಿ ಇಡಿ. ಹಳಿಯ ದಪ್ಪವನ್ನೂ ಸೇರಿಸಿಕೊಳ್ಳಬೇಕಾ ಬೇಡವಾ ಅನ್ನೋದು ಗರಗಸದ ಅಳತೆಪಟ್ಟಿಯ ಮೇಲೆ ನಿಂತಿದೆ. ಒಂದು ಚೂರು ತುಂಡಿನಲ್ಲಿ ಕೊಯ್ದು ನೋಡಿದರೆ ತಿಳಿಯುತ್ತದೆ.

ಹಳಿಯ ಉದ್ದದಲ್ಲಿ ಎಡವಬೇಡಿ. ಸಾಮಾನ್ಯವಾಗಿ ಗರಗಸದ ಜೊತೆ ಸಿಗುವುದು 1400 ಮಿ.ಮೀ ಆಸುಪಾಸಿನ ಹಳಿ. 4 ಅಡಿ ಅಡ್ಡ ಕೊಯ್ತಕ್ಕೆ ಅದು ಸರಿಯಾಗುತ್ತದೆ. ಪ್ಲೈವುಡ್ಡಿನ ಉದ್ದ 2440 ಮಿ.ಮೀ. ಎರಡು ಹಳಿ ಜೋಡಿಸಬೇಕು, ಇಲ್ಲವೇ ಉದ್ದದ ಒಂದೇ ಹಳಿ ತರಬೇಕು. ಜೋಡಿಸುವಾಗ ನೇರ ಅಂಚಿನ ಲೋಹದ ಪಟ್ಟಿ ಒತ್ತಿ ಹಿಡಿದು ಬಿಗಿ ಮಾಡಿ. ಕಣ್ಣಂದಾಜಿನಲ್ಲಿ ಬಿಗಿದರೆ ಜೋಡಣೆಯ ಜಾಗದಲ್ಲಿ ಅರ್ಧ ಮಿಲಿಮೀಟರ್ ಸೊಟ್ಟಗಾಗುತ್ತದೆ. ಎರಡು ಹಲಗೆಯನ್ನು ಅಂಟು ಹಾಕಿ ಸೇರಿಸುವಾಗ ಆ ಸಂದು ಕಣ್ಣಿಗೆ ಬೀಳುತ್ತದೆ.

ಟೇಬಲ್ ಸಾ ಎಲ್ಲಿ ಗೆಲ್ಲುತ್ತದೆ

ಹಾಗಂತ ಟೇಬಲ್ ಸಾ ಬೇಡವೇ ಬೇಡ ಅಂತಲ್ಲ. ಆರು ಡ್ರಾಯರ್ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪಕ್ಕದ ಹಲಗೆ ಹನ್ನೆರಡು, ಮುಂದೆ ಹಿಂದೆ ಸೇರಿ ಇನ್ನು ಹನ್ನೆರಡು. ಇಪ್ಪತ್ತನಾಲ್ಕೂ 120 ಮಿ.ಮೀ ಅಗಲ ಇರಬೇಕು. ಟೇಬಲ್ ಸಾನಲ್ಲಿ ಫೆನ್ಸನ್ನು ಒಂದು ಸಲ 120ಕ್ಕೆ ಬಿಗಿದು, ಒಂದಾದ ಮೇಲೊಂದು ತಳ್ಳುತ್ತಾ ಹೋದರೆ ಇಪ್ಪತ್ತನಾಲ್ಕೂ ಒಂದೇ ಅಳತೆ. ಅಳತೆಪಟ್ಟಿ ಮತ್ತೆ ಮುಟ್ಟಬೇಕಾಗಿಲ್ಲ. ಟ್ರ್ಯಾಕ್ ಸಾನಲ್ಲಿ ಪ್ರತಿ ತುಂಡಿಗೂ ಎರಡು ಕಡೆ ಗುರುತು, ಹಳಿ ಜೋಡಣೆ, ಕೊಯ್ತ. ಹತ್ತನೇ ತುಂಡಿನ ಹೊತ್ತಿಗೆ ಒಂದೆರಡರಲ್ಲಿ ಅರ್ಧ ಮಿಲಿಮೀಟರ್ ಹೆಚ್ಚುಕಮ್ಮಿ ಆಗಿರುತ್ತದೆ. ಡ್ರಾಯರಿನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಅದು ಜಾರುವ ಚಾನೆಲ್ಲಿನ ಮೇಲೆ ಕೂತಾಗ ತಾನೇ ಹೇಳುತ್ತದೆ.

ಕಿರಿದಾದ ಪಟ್ಟಿಗಳದ್ದು ಇನ್ನೂ ಕಷ್ಟ. ಪ್ಲೈ ಅಂಚಿಗೆ ಹೊಡೆಯುವ ಬೀಡಿಂಗ್, ಕಿಟಕಿಯ ರೀಪು, ಫೋಟೋ ಫ್ರೇಮಿನ ಪಟ್ಟಿ ಇವೆಲ್ಲ 2 ಇಂಚಿಗಿಂತ ಕಮ್ಮಿ. ಹಳಿ ಅಷ್ಟು ಸಣ್ಣ ತುಂಡಿನ ಮೇಲೆ ಕೂರುವುದಿಲ್ಲ, ವಾಲುತ್ತದೆ. ಪಕ್ಕದಲ್ಲಿ ಅದೇ ದಪ್ಪದ ಹಲಗೆ ಇಟ್ಟು ಆಸರೆ ಕೊಡಬಹುದು, ನಾನೂ ಮಾಡಿದ್ದೇನೆ. ಆದರೆ ಇಪ್ಪತ್ತು ಪಟ್ಟಿ ಬೇಕಾದಾಗ ಅದು ಕೆಲಸವಲ್ಲ, ತಪಸ್ಸು.

ಗಟ್ಟಿ ಮರದ ವಿಷಯಕ್ಕೆ ಬರೋಣ. 10 ಇಂಚಿನ ಬ್ಲೇಡ್ ಇರುವ ಸಾಮಾನ್ಯ ಟೇಬಲ್ ಸಾ 75-80 ಮಿ.ಮೀ ಆಳ ಕೊಯ್ಯುತ್ತದೆ. ಟ್ರ್ಯಾಕ್ ಸಾಗಳ ಬ್ಲೇಡ್ 160-165 ಮಿ.ಮೀ, ಆಳ 55 ಮಿ.ಮೀ ಆಸುಪಾಸು. 2 ಇಂಚಿನ ಹೊನ್ನೆ ಅಥವಾ ಮತ್ತಿ ಮರವನ್ನು ಉದ್ದಕ್ಕೆ ಸೀಳುವಾಗ ಟ್ರ್ಯಾಕ್ ಸಾ ಒದ್ದಾಡುತ್ತದೆ, ಬ್ಲೇಡ್ ಬಿಸಿಯಾಗುತ್ತದೆ, ಅಂಚು ಕಪ್ಪಾಗುತ್ತದೆ. ಎರಡು ಸಲದಲ್ಲಿ ಆಳ ಹೆಚ್ಚಿಸಿ ಕೊಯ್ಯಬೇಕು. 24 ಹಲ್ಲಿನ ಸೀಳು ಬ್ಲೇಡ್ ಹಾಕಿದ ಟೇಬಲ್ ಸಾ ಅದನ್ನೇ ನಿರಾಳವಾಗಿ ಮಾಡುತ್ತದೆ. ಬಾಗಿಲ ಚೌಕಟ್ಟು, ಮೇಜಿನ ಕಾಲು, ಕುರ್ಚಿ ಇಂಥದ್ದೇ ನಿಮ್ಮ ಆಸೆಯಾದರೆ ಟೇಬಲ್ ಸಾ ಕಡೆಗೇ ಹೋಗಿ.

ಗಟ್ಟಿ ಮರದಲ್ಲೂ ಒಂದು ಜಾಗದಲ್ಲಿ ಮಾತ್ರ ಟ್ರ್ಯಾಕ್ ಸಾ ಮೇಲು. ಸಾ ಮಿಲ್ಲಿನಿಂದ ಬಂದ ಹಲಸಿನ ಹಲಗೆಯ ಅಂಚು ಹಾವಿನ ಹಾಗೆ ಡೊಂಕಾಗಿರುತ್ತದೆ. ಡೊಂಕು ಅಂಚನ್ನು ಟೇಬಲ್ ಸಾ ಫೆನ್ಸಿಗೆ ಒತ್ತಿ ತಳ್ಳುವುದು ಅಪಾಯ. ಅದೇ ಹಲಗೆಯ ಮೇಲೆ ಹಳಿ ಇಟ್ಟು ಒಂದು ಸಲ ಓಡಿಸಿದರೆ ನೇರ ಅಂಚು ಸಿಕ್ಕಿತು. ಆ ನೇರ ಅಂಚನ್ನು ಫೆನ್ಸಿಗೆ ಒತ್ತಿ ಮುಂದಿನ ಕೆಲಸ ಮಾಡಬಹುದು. ನನ್ನ ಎರಡು ಮಷಿನ್‌ಗಳು ಜೊತೆಯಾಗಿ ದುಡಿಯುವುದು ಹೀಗೆ.

ಹಳೇ ಮನೆ ಕೆಡವಿದಾಗ ಸಿಕ್ಕ ತೊಲೆ, ಬಾಗಿಲು ತಂದು ಕೊಯ್ಯುವವರು ಬಹಳ ಜನ ಇದ್ದಾರೆ. ಆ ತೇಗಕ್ಕೆ ಈಗ ಸಾಟಿ ಸಿಗುವುದು ಕಷ್ಟ. ಯಾವ ಗರಗಸಕ್ಕೇ ಆದರೂ ಕೊಡುವ ಮೊದಲು ಅಯಸ್ಕಾಂತ ಆಡಿಸಿ ನೋಡಿ. ತುಕ್ಕು ಹಿಡಿದ ಮೊಳೆ ಮರದೊಳಗೆ ಮುರಿದು ಕೂತಿರುತ್ತದೆ, ಹೊರಗಿನಿಂದ ಕಪ್ಪು ಚುಕ್ಕೆಯಷ್ಟೇ ಕಾಣುವುದು. ಕಾರ್ಬೈಡ್ ಹಲ್ಲು ಅದಕ್ಕೆ ಬಡಿದರೆ ಮುರಿದು ಹಾರುತ್ತದೆ.

ಬೆರಳಿನ ಮಾತು

ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ, ದಯವಿಟ್ಟು ಓದಿ.

10 ಇಂಚಿನ ಬ್ಲೇಡ್ ನಿಮಿಷಕ್ಕೆ 5000 ಸುತ್ತು ತಿರುಗಿದರೆ ಅದರ ಹಲ್ಲಿನ ವೇಗ ಗಂಟೆಗೆ ಸುಮಾರು 240 ಕಿ.ಮೀ. ಬ್ಲೇಡಿನ ಮುಂದಿನ ಹಲ್ಲುಗಳು ಮರವನ್ನು ಮೇಜಿಗೆ ಒತ್ತುತ್ತವೆ. ಹಿಂದಿನ ಹಲ್ಲುಗಳು ಮೇಜಿನಿಂದ ಮೇಲೆದ್ದು ನಿಮ್ಮ ಕಡೆಗೆ ಬರುತ್ತಿರುತ್ತವೆ. ಕೊಯ್ದ ಮರ ಒಳಗಿನ ಬಿಗಿತದಿಂದ ಮುಚ್ಚಿಕೊಂಡರೆ, ಅಥವಾ ತುಂಡು ಫೆನ್ಸ್ ಬಿಟ್ಟು ಒಂಚೂರು ತಿರುಗಿದರೆ, ಆ ಹಿಂದಿನ ಹಲ್ಲು ಅದನ್ನು ಕಚ್ಚಿ ಎತ್ತಿ ನಿಮ್ಮ ಮೇಲೆ ಎಸೆಯುತ್ತದೆ. ಇದಕ್ಕೇ ಕಿಕ್‌ಬ್ಯಾಕ್ ಅನ್ನುವುದು. ಕಣ್ಣು ಮಿಟುಕಿಸುವಷ್ಟೂ ಹೊತ್ತು ಸಿಗುವುದಿಲ್ಲ.

ನನಗೆ ಒಂದು ಸಲ ಆಗಿದೆ. ಹಿಂದಿನ ದಿನ ಡ್ರಾಯರ್ ತಳ ಕೂರಲು ಉದ್ದನೆಯ ತೋಡು ಹೊಡೆಯಲು ಬ್ಲೇಡಿನ ಹಿಂದಿನ ರೈವಿಂಗ್ ನೈಫ್ ತೆಗೆದಿಟ್ಟಿದ್ದೆ. ಮಾರನೇ ದಿನ ಮತ್ತೆ ಹಾಕಲಿಲ್ಲ. ಒಂದಡಿ ಚೌಕದ ಲ್ಯಾಮಿನೇಟ್ ತುಂಡು, ಉದ್ದ ಅಗಲ ಎರಡೂ ಒಂದೇ ಆದ್ದರಿಂದ ಫೆನ್ಸಿನ ಮೇಲೆ ಹಿಡಿತವೇ ಇರಲಿಲ್ಲ. ಮುಕ್ಕಾಲು ಭಾಗ ಹೋಗಿತ್ತು. "ಟಪ್" ಅಂತ ಸದ್ದು ಕೇಳಿತು. ತುಂಡು ನನ್ನ ಸೊಂಟಕ್ಕೆ ಬಡಿದು, ಹಿಂದಿನ ಶಟರಿಗೆ ಹೋಗಿ ಹೊಡೆಯಿತು. ಎರಡು ವಾರ ಅಲ್ಲಿ ನೀಲಿಗಟ್ಟಿತ್ತು. ಶಟರಿನ ತಗ್ಗು ಈಗಲೂ ಇದೆ. ನನ್ನ ಕೈ ಬ್ಲೇಡಿನಿಂದ ಒಂದು ಗೇಣು ದೂರದಲ್ಲಿತ್ತು, ತುಂಡು ಹಾರಿದಾಗ ಕೈ ಬ್ಲೇಡಿನ ಕಡೆಗೇ ಜಾರಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆಯಲ್ಲಿ ಚಳಿ ಹುಟ್ಟುತ್ತದೆ.

ರೈವಿಂಗ್ ನೈಫ್ ಅಂದರೆ ಬ್ಲೇಡಿನ ಹಿಂದೆ ಅದರ ಜೊತೆಗೇ ಏರಿಳಿಯುವ ತೆಳು ಉಕ್ಕಿನ ರೆಕ್ಕೆ. ಕೊಯ್ತ ಮುಚ್ಚಿಕೊಳ್ಳದ ಹಾಗೆ ನಡುವೆ ನಿಲ್ಲುತ್ತದೆ. ಅದಿಲ್ಲದ ಟೇಬಲ್ ಸಾ ಕೊಳ್ಳಬೇಡಿ. ಬ್ಲೇಡಿನ ನೇರಕ್ಕೆ ನಿಲ್ಲಬೇಡಿ, ಪಕ್ಕಕ್ಕೆ ನಿಲ್ಲಿ. ಫೆನ್ಸಿಗೂ ಬ್ಲೇಡಿಗೂ ನಡುವೆ ಜಾಗ ಕಿರಿದಾದರೆ ಕೈ ಬಿಟ್ಟು ತಳ್ಳುಕೋಲು ಹಿಡಿಯಿರಿ. ಕೈಗವಸು ಹಾಕಬೇಡಿ, ಬಟ್ಟೆ ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ. ಪಂಚೆ, ಸಡಿಲ ತೋಳಿನ ಅಂಗಿ, ಕುತ್ತಿಗೆಯ ಸರ, ಯಾವುದೂ ಬೇಡ.

ಇಂಟೀರಿಯರ್ ಕೆಲಸಕ್ಕೆ ಬರುವವರು ಸರ್ಕ್ಯುಲರ್ ಸಾ ಅಥವಾ ಮಾರ್ಬಲ್ ಕಟರನ್ನು ಪ್ಲೈವುಡ್ ತುಂಡಿನ ಅಡಿಗೆ ತಲೆಕೆಳಗಾಗಿ ಬಿಗಿದು, ಸ್ವಿಚ್ಚನ್ನು ಒತ್ತಿದ ಸ್ಥಿತಿಯಲ್ಲೇ ಕಟ್ಟಿ, ಅದನ್ನೇ ಟೇಬಲ್ ಸಾ ಮಾಡಿಕೊಳ್ಳುವುದನ್ನು ನೀವು ನೋಡಿರುತ್ತೀರಿ. ಅವರ ಕೈಚಳಕದ ಬಗ್ಗೆ ನನಗೆ ತುಂಬಾ ಗೌರವ. ದಿನಕ್ಕೆ ಎಂಟು ಗಂಟೆ ಅದನ್ನೇ ಮಾಡುವವರು ಅವರು. ಭಾನುವಾರ ಮಾತ್ರ ಮರ ಮುಟ್ಟುವ ನಾವು ಅದನ್ನು ನೋಡಿ ಮಾಡಬಾರದು. ಅದರಲ್ಲಿ ರೈವಿಂಗ್ ನೈಫ್ ಇಲ್ಲ, ಕವಚ ಇಲ್ಲ, ತಟ್ಟನೆ ಆರಿಸುವ ಸ್ವಿಚ್ ಇಲ್ಲ.

ಟ್ರ್ಯಾಕ್ ಸಾನಲ್ಲಿ ಅಪಾಯ ಇಲ್ಲವೇ ಇಲ್ಲ ಅಂತ ಹೇಳಲಾರೆ. ಹಲಗೆಯ ನಡುವೆ ಬ್ಲೇಡ್ ಇಳಿಸುವಾಗ ಗರಗಸ ಹಿಂದಕ್ಕೆ ನೆಗೆಯಬಹುದು. ಹಳಿಯನ್ನು ಕ್ಲ್ಯಾಂಪ್ ಹಾಕಿ ಹಿಡಿದಿದ್ದರೆ, ಬ್ಲೇಡ್ ಪೂರ್ತಿ ವೇಗಕ್ಕೆ ಬಂದ ಮೇಲೆ ನಿಧಾನವಾಗಿ ಇಳಿಸಿದರೆ ಅದು ಬಹಳ ಅಪರೂಪ. ಮುಖ್ಯವಾದ ವಿಷಯ ಏನೆಂದರೆ, ಎರಡು ಕೈಯೂ ಗರಗಸದ ಹಿಡಿಗಳ ಮೇಲೇ ಇರುತ್ತವೆ. ಕೈ ಹಿಡಿಯ ಮೇಲಿದ್ದಷ್ಟು ಹೊತ್ತು ಬೆರಳು ಬ್ಲೇಡಿನ ಹತ್ತಿರ ಹೋಗಲು ದಾರಿಯಿಲ್ಲ. ಯಾರ ಕೆಳಗೂ ಕಲಿಯದೆ ಒಬ್ಬರೇ ಶುರು ಮಾಡುವವರಿಗೆ ನಾನು ಟ್ರ್ಯಾಕ್ ಸಾ ಅನ್ನಲು ಜಾಗಕ್ಕಿಂತ ದೊಡ್ಡ ಕಾರಣ ಇದು.

ಚರ್ಮ ತಾಕಿದ ಕೂಡಲೇ 5 ಮಿಲಿಸೆಕೆಂಡಿನೊಳಗೆ ಬ್ಲೇಡನ್ನು ನಿಲ್ಲಿಸುವ ಸಾಸ್ಟಾಪ್ ಎಂಬ ಅಮೆರಿಕದ ಟೇಬಲ್ ಸಾಗಳೂ ಇವೆ. ಹೊರದೇಶದಲ್ಲಿದ್ದು, ಗ್ಯಾರೇಜಿನಲ್ಲಿ ಮರಗೆಲಸ ಮಾಡುವ ಕನ್ನಡಿಗರಿಗೆ ಅದು ಸಿಗುತ್ತದೆ ಅಂದರೆ ದುಡ್ಡಿನ ಮುಖ ನೋಡಬೇಡಿ ಅಂತಲೇ ಹೇಳುತ್ತೇನೆ.

ಕರೆಂಟು, ಧೂಳು, ಮಳೆ

ಬಾಷ್ ಜಿಟಿಎಸ್ 10 ಜೆ ತರಹದ ಟೇಬಲ್ ಸಾ 1800 ವ್ಯಾಟ್. 230 ವೋಲ್ಟಿನಲ್ಲಿ ಅದು ಎಳೆಯುವುದು ಸುಮಾರು 8 ಆಂಪಿಯರ್. ಟಿವಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಸಿಕ್ಕಿಸಬಾರದು, ಗೀಸರ್ ಅಥವಾ ಎಸಿಗೆ ಕೊಟ್ಟಂಥ 16 ಆಂಪಿಯರ್ ಸಾಕೆಟ್ ಬೇಕು. ಮಕಿಟಾ ಎಸ್‌ಪಿ 6000 ಟ್ರ್ಯಾಕ್ ಸಾ 1300 ವ್ಯಾಟ್, 6 ಆಂಪಿಯರಿಗೆ ಒಂಚೂರು ಕಮ್ಮಿ. ಲೆಕ್ಕದಲ್ಲಿ ಸಣ್ಣ ಸಾಕೆಟ್ಟಿಗೆ ಆಗುತ್ತದೆ. ಆದರೆ ಅದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ವ್ಯಾಕ್ಯೂಮ್ ಕ್ಲೀನರನ್ನೂ ಸಿಕ್ಕಿಸಿದರೆ ಮೀರಿ ಹೋಯಿತು. ಎಕ್ಸ್‌ಟೆನ್ಷನ್ ವೈರ್ ದಪ್ಪನೆಯದಿರಲಿ, ಉದ್ದ ಎಷ್ಟು ಬೇಕೋ ಅಷ್ಟೇ ಇರಲಿ. ವೋಲ್ಟೇಜ್ ಏರಿಳಿಯುವ ಊರಿನಲ್ಲಿದ್ದರೆ ಬ್ಯಾಟರಿಯ ಟ್ರ್ಯಾಕ್ ಸಾಗಳ ಬಗ್ಗೆಯೂ ಯೋಚಿಸಿ. ಟೆರೇಸಿಗೆ ವೈರ್ ಎಳೆಯುವ ತಾಪತ್ರಯವೂ ತಪ್ಪುತ್ತದೆ.

ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಸುಮ್ನೆ ಹೆದರಿಸಲು ಹೇಳುತ್ತಿಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಇದು ದೊಡ್ಡ ವಿಷಯ. ಟ್ರ್ಯಾಕ್ ಸಾನ ಬ್ಲೇಡ್ ಪೂರ್ತಿ ಕವಚದೊಳಗೆ ಇರುವುದರಿಂದ, ಕೊಳವೆಗೆ ವ್ಯಾಕ್ಯೂಮ್ ಜೋಡಿಸಿದರೆ ಬಹುಪಾಲು ಪುಡಿ ಒಳಗೇ ಹೋಗುತ್ತದೆ. ಸಣ್ಣ ಟೇಬಲ್ ಸಾಗಳಲ್ಲಿ ಕೆಳಗಿನದ್ದು ಹೋದರೂ ಮೇಲಿನಿಂದ ಮುಖಕ್ಕೆ ಹಾರುತ್ತಲೇ ಇರುತ್ತದೆ. ಎರಡಕ್ಕೂ ಮಾಸ್ಕ್ ಬೇಕೇ ಬೇಕು. ಸದ್ದಂತೂ ಎರಡರದ್ದೂ ಜೋರು. ಅಪಾರ್ಟ್‌ಮೆಂಟಿನಲ್ಲಿ ಮಧ್ಯಾಹ್ನ ಎರಡರಿಂದ ನಾಲ್ಕು ಗಂಟೆ ಬಿಟ್ಟುಬಿಡಿ.

ಮಲೆನಾಡು, ಕರಾವಳಿ ಕಡೆಯವರಿಗೆ ಒಂದು ಮಾತು. ಬೀಡುಕಬ್ಬಿಣದ ಮೇಜಿರುವ ದೊಡ್ಡ ಟೇಬಲ್ ಸಾ ತೂಕದಲ್ಲಿ, ಸ್ಥಿರತೆಯಲ್ಲಿ ಚೆನ್ನ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದರ ಮೈಮೇಲೆ ಒಂದೇ ವಾರದಲ್ಲಿ ತುಕ್ಕು ಮೂಡುತ್ತದೆ. ಮೇಣ ಸವರಿ, ಒಣಬಟ್ಟೆ ಹೊದಿಸಿ ಇಡಬೇಕು. ಅಲ್ಯೂಮಿನಿಯಂ ಮೇಜಿನ ಸಣ್ಣ ಮಷಿನ್‌ಗಳಿಗೆ ಈ ಕಾಟ ಇಲ್ಲ.

ದುಡ್ಡು ಕಮ್ಮಿ ಇದ್ದರೆ

ಟ್ರ್ಯಾಕ್ ಸಾ ಬೆಲೆ ಕೇಳಿದಾಗ ಹಳಿ ಸೇರಿದೆಯಾ ಅಂತ ಕೇಳಿ. ಬಹಳ ಸಲ ಸೇರಿರುವುದಿಲ್ಲ. ಹಳಿ, ಜೋಡಿಸುವ ಕಡ್ಡಿಗಳು, ಎರಡು ಕ್ಲ್ಯಾಂಪು, ವ್ಯಾಕ್ಯೂಮ್ ಎಲ್ಲ ಸೇರಿಸಿದರೆ ಸಣ್ಣ ಟೇಬಲ್ ಸಾಗೆ ಸಮಸಮ ಆಗಿಬಿಡಬಹುದು.

ಅಷ್ಟು ದುಡ್ಡು ಹಾಕಲು ಮನಸ್ಸಿಲ್ಲದವರಿಗೆ ನಾನು ಹೇಳುವುದು ಮೂರನೇ ದಾರಿ. ಒಂದು ಒಳ್ಳೆಯ 7 ಇಂಚಿನ ಸರ್ಕ್ಯುಲರ್ ಸಾ ತನ್ನಿ. 6 ಮಿ.ಮೀ ಪ್ಲೈಯಲ್ಲಿ ಒಂದಡಿ ಅಗಲದ ಉದ್ದ ಪಟ್ಟಿ ತೆಗೆದುಕೊಳ್ಳಿ. ಅದರ ಮೇಲೆ, ಒಂದು ಬದಿಗೆ, ಕಾರ್ಖಾನೆಯ ನೇರ ಅಂಚಿರುವ 12 ಮಿ.ಮೀ ಪ್ಲೈ ಪಟ್ಟಿಯನ್ನು ಫೆವಿಕಾಲ್ ಹಾಕಿ ಅಂಟಿಸಿ, ನೇರ ಅಂಚು ಒಳಮುಖವಾಗಿರಲಿ. ಒಣಗಿದ ಮೇಲೆ ಸರ್ಕ್ಯುಲರ್ ಸಾ ತಳವನ್ನು ಆ ಅಂಚಿಗೆ ಒತ್ತಿಕೊಂಡು ಒಂದು ಸಲ ಓಡಿಸಿ. ತಳದ ಪ್ಲೈ ಎಲ್ಲಿ ಕತ್ತರಿಸಿತೋ ಅದೇ ಇನ್ನು ಮುಂದೆ ನಿಮ್ಮ ಕೊಯ್ತದ ಗೆರೆ. ಟ್ರ್ಯಾಕ್ ಸಾನ ರಬ್ಬರ್ ಪಟ್ಟಿಯ ಉಪಾಯವೇ ಇದು, ಖರ್ಚು ಮಾತ್ರ ಕೆಲವು ನೂರು ರೂಪಾಯಿ. ಸಿಬಿರನ್ನೂ ಸಾಕಷ್ಟು ತಡೆಯುತ್ತದೆ. ಟ್ರ್ಯಾಕ್ ಸಾ ತರುವ ಮೊದಲು ನಾನು ಒಂದಿಡೀ ಅಡುಗೆಮನೆಯ ಕಪಾಟುಗಳನ್ನು ಇದರಲ್ಲೇ ಕೊಯ್ದಿದ್ದೆ.

ಪ್ಲೈವುಡ್ ಅಂಗಡಿಯಲ್ಲೇ ಪ್ಯಾನೆಲ್ ಸಾ (ಇಡೀ ಹಲಗೆ ಕೊಯ್ಯುವ ದೊಡ್ಡ ಮಷಿನ್) ಇದ್ದರೆ ದೊಡ್ಡ ಕೊಯ್ತಗಳನ್ನು ಅಲ್ಲೇ ಮಾಡಿಸಿ. ಬೇಕಾದ್ದಕ್ಕಿಂತ 10 ಮಿ.ಮೀ ಜಾಸ್ತಿ ಇಟ್ಟು ಕೊಯ್ಸಿ, ಕೊನೆಯ ಅಳತೆಯನ್ನು ಮನೆಯಲ್ಲಿ ನೀವೇ ತೆಗೆಯಿರಿ. ಆಗ ಹಲಗೆ ಲಿಫ್ಟಿನಲ್ಲೂ ಹಿಡಿಸುತ್ತದೆ.

ಹಾಗೆ ಕೊಯ್ಸುವಾಗ ಬ್ಲೇಡ್ ತಿನ್ನುವ ಮರವನ್ನು ಮರೆಯಬೇಡಿ. 4 ಅಡಿ ಹಲಗೆಯಿಂದ 1 ಅಡಿಯ ನಾಲ್ಕು ಪಟ್ಟಿ ಬರುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹಲಗೆಯ ಅಗಲ 1220 ಮಿ.ಮೀ, 1 ಅಡಿ ಅಂದರೆ 304.8 ಮಿ.ಮೀ. ನಾಲ್ಕು ಸೇರಿದರೆ 1219. ಮೂರು ಕೊಯ್ತದಲ್ಲಿ ಟ್ರ್ಯಾಕ್ ಸಾ ಬ್ಲೇಡ್ ಸುಮಾರು 6 ಮಿ.ಮೀ ತಿನ್ನುತ್ತದೆ, ಟೇಬಲ್ ಸಾ ಬ್ಲೇಡ್ 8-9 ಮಿ.ಮೀ. ಕೊನೆಯ ಪಟ್ಟಿ ಕಮ್ಮಿ ಬೀಳುತ್ತದೆ. 300 ಮಿ.ಮೀ ಅಂತ ಬರೆದುಕೊಂಡರೆ ನಾಲ್ಕೂ ಸರಿಯಾಗಿ ಬಂದು, ಅಂಚು ಸವರಲೂ ಒಂದಿಷ್ಟು ಉಳಿಯುತ್ತದೆ.

ಕೊಳ್ಳುವ ಮೊದಲು, ಕೊಂಡ ದಿನ

ಬೆಂಗಳೂರಿನವರು ಎಸ್‌ಜೆಪಿ ರಸ್ತೆಗೆ ಹೋದರೆ ಮಷಿನ್‌ಗಳನ್ನು ಮುಟ್ಟಿ ನೋಡಬಹುದು. ಟೇಬಲ್ ಸಾ ನೋಡುವಾಗ ಮೋಟಾರಿನ ವ್ಯಾಟ್ ಆಮೇಲೆ, ಮೊದಲು ಫೆನ್ಸ್ ನೋಡಿ. ಬಿಗಿ ಮಾಡಿ, ಅದರ ತುದಿಯನ್ನು ಕೈಯಲ್ಲಿ ಪಕ್ಕಕ್ಕೆ ತಳ್ಳಿ. ಅಲುಗಿದರೆ ಅದು ಬೇಡ. ಫೆನ್ಸ್ ಸರಿಯಿಲ್ಲದ ಟೇಬಲ್ ಸಾ ಸರಿಯಾದ ಕೊಯ್ತ ಕೊಡುವುದೇ ಇಲ್ಲ. ಟ್ರ್ಯಾಕ್ ಸಾ ನೋಡುವಾಗ ಹಳಿಯ ಮೇಲೆ ಗರಗಸ ಕೂರಿಸಿ ಅಲ್ಲಾಡಿಸಿ. ಅಲುಗಾಟ ಇದ್ದರೆ ಸರಿಪಡಿಸುವ ತಿರುಪು ಎಲ್ಲಿದೆ ಅಂತ ತೋರಿಸಲು ಹೇಳಿ.

ಜೊತೆಗೆ ಬರುವ ಬ್ಲೇಡ್ ಒಂದೇ ಇದ್ದರೆ ಇನ್ನೊಂದಕ್ಕೆ ದುಡ್ಡು ಎತ್ತಿಡಿ. ಗಟ್ಟಿ ಮರ ಸೀಳಲು ಹಲ್ಲು ಕಮ್ಮಿ ಇರುವುದು, ಪ್ಲೈ ಮತ್ತು ಲ್ಯಾಮಿನೇಟಿಗೆ ಹಲ್ಲು ಜಾಸ್ತಿ ಇರುವುದು. 10 ಇಂಚಿನ ಬ್ಲೇಡಿನಲ್ಲಾದರೆ 24 ಮತ್ತು 60 ಹಲ್ಲಿನ ಜೋಡಿ ಮನೆಗೆ ಸಾಕು. ಸಾಧಾರಣ ಮಷಿನಿಗೆ ಒಳ್ಳೆಯ ಬ್ಲೇಡ್ ಹಾಕಿದರೆ ಕೆಲಸ ಚೆನ್ನಾಗಿ ಬರುತ್ತದೆ. ಮೊಂಡು ಬ್ಲೇಡ್ ಇದ್ದರೆ ಎಷ್ಟು ದುಬಾರಿ ಮಷಿನ್ ಇದ್ದೂ ಅಂಚು ಸುಡುತ್ತದೆ.

ಟೇಬಲ್ ಸಾ ಮನೆಗೆ ಬಂದ ದಿನ, ಪ್ಲಗ್ ತೆಗೆದಿಟ್ಟು, ಬ್ಲೇಡನ್ನು ಪೂರ್ತಿ ಎತ್ತಿ. ಒಂದು ಹಲ್ಲಿಗೆ ಮಾರ್ಕರ್‌ನಲ್ಲಿ ಗುರುತು ಹಾಕಿ. ಆ ಹಲ್ಲು ಮುಂದಿರುವಾಗ ಮೇಜಿನ ಮೇಲಿನ ಉದ್ದ ತೋಡಿನಿಂದ ಅದಕ್ಕೆ ಎಷ್ಟು ದೂರ ಅಂತ ಅಳೆಯಿರಿ. ಬ್ಲೇಡನ್ನು ಕೈಯಿಂದ ತಿರುಗಿಸಿ, ಅದೇ ಹಲ್ಲನ್ನು ಹಿಂದಕ್ಕೆ ತಂದು ಮತ್ತೆ ಅಳೆಯಿರಿ. ಎರಡೂ ಒಂದೇ ಬರಬೇಕು. ಹಿಂದೆ ಕಮ್ಮಿಯೋ ಜಾಸ್ತಿಯೋ ಬಂದರೆ ಮೇಜಿನ ತಿರುಪು ಸಡಿಲಿಸಿ ಸರಿಮಾಡಿ, ಆಮೇಲೆ ಫೆನ್ಸನ್ನು ಅದೇ ತೋಡಿಗೆ ಸಮಾನಾಂತರವಾಗಿ ಹೊಂದಿಸಿ. ಅರ್ಧ ಗಂಟೆಯ ಕೆಲಸ.

ಟ್ರ್ಯಾಕ್ ಸಾ ಆದರೆ ಹಳಿಯನ್ನು ಬೇಡದ ಪ್ಲೈ ಮೇಲೆ ಕ್ಲ್ಯಾಂಪ್ ಹಾಕಿ, ಆಳವನ್ನು ಕಮ್ಮಿ ಇಟ್ಟು, ರಬ್ಬರ್ ಪಟ್ಟಿಯನ್ನು ನಿಧಾನವಾಗಿ, ಎಲ್ಲೂ ನಿಲ್ಲಿಸದೆ ಒಂದೇ ಓಟದಲ್ಲಿ ಕತ್ತರಿಸಿ. ಆಮೇಲೆ ಹಲಗೆಯ ಮೇಲೆ ಗಾರೆಯವರು ಪಾಯಕ್ಕೆ ಮೂಲೆ ಹಿಡಿಯುವ ಹಾಗೆ 3-4-5 ಲೆಕ್ಕದಲ್ಲಿ ಮಟ್ಟ ಹಾಕಿ. ಒಂದು ಬದಿಯಲ್ಲಿ 3 ಅಡಿ, ಇನ್ನೊಂದು ಬದಿಯಲ್ಲಿ 4 ಅಡಿ, ಎರಡು ಗುರುತಿನ ನಡುವೆ ಸರಿಯಾಗಿ 5 ಅಡಿ. ಮೊದಲ ತುಂಡು ಕೊಯ್ದ ಮೇಲೆ ಎರಡೂ ಕರ್ಣ ಅಳೆಯಿರಿ. ಎರಡೂ ಒಂದೇ ಬಂದರೆ ಕಪಾಟಿನ ಮುಂದಿನ ಹಲಗೆಗೆ ಗೆರೆ ಎಳೆಯಬಹುದು.